ಮೇಲ್ಮನೆಯ ವಿಳಾಸ

ಬೇಕರಿಯ ವ್ಯಾನ್ ಓಡಿಸುವ ಬನ್ನಣ್ಣನಿಗೆ ಹೊಟ್ಟೆಕಿಚ್ಚು ಹುಟ್ಟುಗುಣವೇನಲ್ಲ. ನಸುಕಿನಲ್ಲೇ ಬ್ರೆಡ್ಡಿನ ಟ್ರೇಗಳನ್ನು ತುಂಬಿಕೊಂಡು ಹೊರಟು, ಅಂಗಡಿ ಅಂಗಡಿಗೆ ಇಳಿಸಿ, ಮೈಗೆಲ್ಲ ಬೆಣ್ಣೆಯ ವಾಸನೆ ಮೆತ್ತಿಕೊಂಡು ಮಧ್ಯಾಹ್ನ ಮನೆ ಸೇರುತ್ತಿದ್ದ ಮನುಷ್ಯ. ಯಾರ ಗೊಡವೆಗೂ ಹೋದವನಲ್ಲ. ಇದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಾಗ, ಹೆಂಡತಿಯ ಅಕ್ಕನ ಗಂಡ, ಅಂದರೆ ಅವನ ಷಡ್ಡಕ, "ನಮ್ಮ ಮಹಡಿ ಖಾಲಿ ಇದೆ, ಬಂದ್ಬಿಡಿ" ಎಂದ. ಉರಿ ಹತ್ತಿಕೊಂಡದ್ದು ಅಲ್ಲಿಂದ.

ಷಡ್ಡಕ ಪಾತ್ರೆ ಅಂಗಡಿ ಇಟ್ಟು ಚೆನ್ನಾಗಿ ಕೂಡಿಟ್ಟವನು. ಕೆಳಗೆ ಅವನು, ಮೇಲೆ ಇವನು. ಬನ್ನಣ್ಣ ಮೇಲ್ಮನೆಯ ಸದಸ್ಯನೇನೋ ಹೌದು, ಆದರೆ ಆಡಳಿತವೆಲ್ಲ ಕೆಳಮನೆಯದು. ನೀರಿನ ಮೋಟರಿನ ಸ್ವಿಚ್ಚು ಕೆಳಗೆ, ಗೇಟಿನ ಬೀಗದ ಕೈ ಕೆಳಗೆ. ಗೇಟಿನ ಕಂಬದ ಮೇಲೆ ಷಡ್ಡಕನ ಹೆಸರು ಹಿತ್ತಾಳೆಯ ಅಕ್ಷರಗಳಲ್ಲಿ, ಒಂದೊಂದೂ ಅಂಗೈಯಗಲ. ಅದಕ್ಕಿಂತ ಹೆಚ್ಚು ಕಣ್ಣು ಕುಕ್ಕಿದ್ದು ಅಂಗಳದಲ್ಲಿ ಮುಸುಕು ಹಾಕಿಕೊಂಡು ನಿಂತಿದ್ದ ಬಿಳಿ ಕಾರು. "ಪಾರ್ಕಿಂಗ್ ಸಿಗಲ್ಲಪ್ಪ" ಎಂದು ಷಡ್ಡಕ ಅಂಗಡಿಗೆ ದಿನಾ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದ.

"ಕಾರಿಟ್ಕೊಂಡು ಟ್ಯಾಕ್ಸೀಲಿ ಹೋಗ್ತಾರಲ್ಲ, ಎಷ್ಟು ಕೊಬ್ಬಿರಬೇಕು" ಎಂದ ಬನ್ನಣ್ಣ, ಹೆಂಡತಿಯ ಎದುರು.

"ಅವರ ಕಾರು, ಅವರ ಟ್ಯಾಕ್ಸಿ. ನಿಮಗ್ಯಾಕೆ ಹೊಟ್ಟೆ ಬಿಸಿ?"

"ಬಿಸಿ ಎಲ್ಲಿಂದ ಬರುತ್ತೆ? ಗೀಸರ್ ಇರೋದೂ ಕೆಳಗೇ."

ಹೀಗಿರುವಾಗ ಬೇಕರಿ ಮಾಲೀಕ ಡ್ರೈವರುಗಳನ್ನೆಲ್ಲ ಕರೆದು, ವಿಮೆಯವರು ತಕರಾರು ಮಾಡುತ್ತಿದ್ದಾರೆ, ಮನೆ ಬದಲಾಯಿಸಿದವರು ತಿಂಗಳೊಳಗೆ ಲೈಸೆನ್ಸಿನಲ್ಲಿ ಹೊಸ ವಿಳಾಸ ಹಾಕಿಸದಿದ್ದರೆ ವ್ಯಾನಿನ ಕೀಲಿ ಬೇರೆಯವರಿಗೆ ಹೋಗುತ್ತದೆ ಎಂದ. ಬನ್ನಣ್ಣನಿಗೆ ಆ ವ್ಯಾನ್ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ.

"ಭಾವನ ಹತ್ರ ಒಂದು ಒಪ್ಪಿಗೆ ಬರೆಸ್ಕೊಳ್ಳಿ. ಕೇರ್ ಆಫ್ ಅಂತ ಅವರ ಹೆಸರು ಹಾಕಿದ್ರೆ ಮುಗೀತು" ಎಂದಳು ಹೆಂಡತಿ.

"ನನ್ನ ಲೈಸೆನ್ಸಲ್ಲಿ ಅವರ ಹೆಸರಾ? ನನ್ನ ಕೇರ್ ನಾನೇ ತಗೋತೀನಿ."

ವಿಲಾಸ ಷಡ್ಡಕನದು ಸರಿ, ವಿಳಾಸವೂ ಅವನದೇ ಆಗಬೇಕೇ? ಬನ್ನಣ್ಣ ಒಂದು ಉಪಾಯ ಹೂಡಿದ. ಮನೆ ಇದ್ದದ್ದು ಮೂಲೆಯಲ್ಲಿ. ಗೇಟು, ಹಿತ್ತಾಳೆ ಹೆಸರು, ಬಾಗಿಲ ಸಂಖ್ಯೆ ಎಲ್ಲ ದೊಡ್ಡ ರಸ್ತೆಯ ಕಡೆಗೆ. ಮಹಡಿಯ ಮೆಟ್ಟಿಲು ಮಾತ್ರ ಪಕ್ಕದ ಗಲ್ಲಿಯ ಕಡೆಗೆ, ಕಾಂಪೌಂಡಿನ ಒಳಗೇ ಇಳಿಯುತ್ತಿತ್ತು. ಅವನು ಆ ಗಲ್ಲಿಯ ಹೆಸರನ್ನೇ ತನ್ನ ವಿಳಾಸ ಮಾಡಿಕೊಂಡು, ಮೊದಲು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೆಸಿ, ಅದನ್ನೇ ತೋರಿಸಿ ಲೈಸೆನ್ಸಿಗೂ ಅರ್ಜಿ ಹಾಕಿದ. ಷಡ್ಡಕನ ಹೆಸರಿನ ನೆರಳೂ ಬೀಳದ ವಿಳಾಸ. ಎರಡು ದಿನ ಹೊಟ್ಟೆ ತಣ್ಣಗಿತ್ತು.

ಆ ಗಲ್ಲಿಯಲ್ಲಿ ಎರಡೂ ಕಡೆ ಇದ್ದದ್ದು ಬರೀ ಕಾಂಪೌಂಡ್ ಗೋಡೆ. ಒಂದು ಬಾಗಿಲೂ ಇಲ್ಲ, ಒಂದು ನಂಬರೂ ಇಲ್ಲ. ಪೋಸ್ಟ್‌ಮ್ಯಾನ್ ಆ ತುದಿಯಿಂದ ಈ ತುದಿಗೆ ನಡೆದು ನೋಡಿ, ಹೊಸ ಕಾರ್ಡನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ. ತಿಂಗಳ ಕೊನೆಗೆ ಬನ್ನಣ್ಣ ಲೈಸೆನ್ಸ್ ಆಫೀಸಿಗೆ ಫೋನ್ ಮಾಡಿದರೆ ಉತ್ತರ ಖಡಕ್ಕಾಗಿತ್ತು: ಮನೆ ಮಾಲೀಕರನ್ನೇ ಕರೆದುಕೊಂಡು ಬನ್ನಿ.

ಬೇರೆ ದಾರಿಯಿರಲಿಲ್ಲ. ಕೆಳಗಿಳಿದು ಹೋಗಿ ಕೇಳಿದ.

"ಲೈಸೆನ್ಸ್ ಆಫೀಸಿಗಾ?" ಷಡ್ಡಕ ಪೇಪರಿನಿಂದ ತಲೆ ಎತ್ತಿದ. "ನಾನೇ ಬರಬೇಕಾ? ಸೈನ್ ಹಾಕಿ ಕೊಟ್ರೆ ಆಗಲ್ವಾ?"

ದೊಡ್ಡಸ್ತಿಕೆ ನೋಡು, ಎಂದುಕೊಂಡ ಬನ್ನಣ್ಣ. "ನಿಮ್ಮ ಮುಖ ನೋಡ್ಬೇಕಂತೆ ಭಾವ. ನಾಳೆ ಕಾರ್ಡ್ ತೋರಿಸ್ದೆ ಇದ್ರೆ ನನ್ನ ವ್ಯಾನ್ ಹೋಯ್ತು."

ಷಡ್ಡಕ ಪೇಪರು ಮಡಚಿದ. "ಹಾಗಾದ್ರೆ ನಡಿ. ಕಾರಲ್ಲೇ ಹೋಗೋಣ, ನೀನೇ ಓಡಿಸು."

ಮುಸುಕು ತೆಗೆದರೆ ಒಳಗೆ ಸೀಟಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಇಂಥ ಕಾರು ಇವನ ಕೈಗೆ ಸಿಕ್ಕಿ ಹೀಗೆ ಕೊಳೆಯುತ್ತಿದೆಯಲ್ಲ ಎಂದು ಬನ್ನಣ್ಣ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಗೇರ್ ಬದಲಾಯಿಸಿದ.

ಕೌಂಟರಿನ ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದ್ದು ಬನ್ನಣ್ಣನನ್ನಲ್ಲ.

"ಬನ್ನಿ ಸಾರ್. ಟೆಸ್ಟ್ ಗುರುವಾರ ಅಲ್ವಾ, ಇವತ್ತೇ ಬಂದ್ಬಿಟ್ರಿ? ಪಾಪ, ಟೆಸ್ಟ್ ಟ್ರ್ಯಾಕಿನ ಆ ಕಂಬ ಮೊನ್ನೆ ತಾನೆ ರಿಪೇರಿ ಆಗಿದೆ."

ಷಡ್ಡಕನ ಕಿವಿ ಕೆಂಪಾಯಿತು. "ಇವರ ವಿಳಾಸದ್ದು ಸ್ವಲ್ಪ ನೋಡಮ್ಮ" ಎಂದು ಗೊಣಗಿದ.

ಬನ್ನಣ್ಣನಿಗೆ ಪಾರ್ಕಿಂಗ್ ಸಮಸ್ಯೆ ಆಗ ಅರ್ಥವಾಯಿತು. ಅವನು ಏನೂ ಕೇಳಿಸದವನಂತೆ ಗೋಡೆಯ ಗಡಿಯಾರ ನೋಡಿದ. ಒಳಗೆ ಮಾತ್ರ ಓವನ್ನಿನಲ್ಲಿಟ್ಟ ಹಿಟ್ಟಿನಂತೆ ಉಬ್ಬುತ್ತಿದ್ದ. ರುಜು ಆಯಿತು, ಕೇರ್ ಆಫ್ ಸೇರಿತು, ಬಿಸಿಯಾರದ ಕಾರ್ಡು ಯಂತ್ರದಿಂದ ಹೊರಬಿತ್ತು. ಬನ್ನಣ್ಣ ಕೈ ಚಾಚುವ ಮೊದಲೇ ಷಡ್ಡಕ ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ಓದಿದ.

"ನೋಡಪ್ಪ, ಕೊನೆಗೂ ಒಂದು ಲೈಸೆನ್ಸಲ್ಲಿ ನನ್ನ ಹೆಸರು ಬಂತು" ಎಂದ. ನಗಲು ಹೋದ, ಅರ್ಧಕ್ಕೇ ನಿಂತಿತು.

ಕಾರಿನಲ್ಲಿ ಕೂತ ಮೇಲೂ ಕಾರ್ಡು ಅವನ ಕೈಯಲ್ಲೇ ಇತ್ತು. ಬನ್ನಣ್ಣ ಎರಡು ಲಾರಿಗಳ ನಡುವಿನಿಂದ ಒಂದೇ ಕೈಯಲ್ಲಿ ಕಾರನ್ನು ಹಿಂದಕ್ಕೆ ತೆಗೆದ. ಅಷ್ಟು ನಿಧಾನವಾಗಿ ತೆಗೆಯುವ ಅಗತ್ಯವೇನೂ ಇರಲಿಲ್ಲ.

"ನಿನಗೆ ಹೇಗಪ್ಪ ಬರುತ್ತೆ ಇದು? ನನಗೆ ರಿವರ್ಸ್ ಅಂದ್ರೆ ಎಡ ಬಲವೇ ಮರೆತುಹೋಗುತ್ತೆ" ಎಂದ ಷಡ್ಡಕ. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆ ತಿರುಗಿಕೊಂಡು, "ನೀನೇ ಕಲಿಸ್ಬಿಡು. ಹೊರಗಿನವರ ಹತ್ರ ಬೈಸ್ಕೊಂಡು ಸಾಕಾಗಿದೆ" ಎಂದ.

ಬನ್ನಣ್ಣ ಸಿಗ್ನಲ್ಲಿನಲ್ಲಿ ನಿಂತು ಯೋಚಿಸಿದ. ಕಲಿಸಿದರೆ ಮನೆ, ಮೋಟರು, ಗೀಸರು, ಕಾರು, ಅದರ ಮೇಲೆ ಲೈಸೆನ್ಸೂ. ಆಮೇಲೆ ತನಗೆ ಅಂತ ಉಳಿಯುವುದೇನು?

"ಕಲಿಸೋಣ ಭಾವ, ಅದಕ್ಕೇನಂತೆ" ಎಂದ. "ಈ ಮಳೆ ಒಂದು ನಿಲ್ಲಲಿ."

ಷಡ್ಡಕ ಗಾಜಿನಾಚೆ ಆಕಾಶ ನೋಡಿದ. ಮೋಡದ ಸುಳಿವೂ ಇರಲಿಲ್ಲ. ಅವನು ಕಾರ್ಡನ್ನು ಬನ್ನಣ್ಣನ ಜೇಬಿಗೆ ಇಳಿಸಿದ.