ಪಾಯಸವೂ ಅಲ್ಲ, ಹುಳಿಯೂ ಅಲ್ಲ

ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷ ನಮ್ಮತ್ತೆಯ ಎಡಗೆನ್ನೆಯ ಒಳಗೆ ಒಂದು ಹುಣ್ಣೆದ್ದಿತು. ಎಲೆಅಡಿಕೆಯ ಜೊತೆ ಚಿಟಿಕೆ ಹೊಗೆಸೊಪ್ಪು ಇಟ್ಟುಕೊಳ್ಳುವ ಅಭ್ಯಾಸ ಅವರಿಗೆ ಮದುವೆಯಾದ ಹೊಸತರಿಂದಲೂ ಇತ್ತು. ಹುಣ್ಣಿಗೆ ತುಪ್ಪ ಹಚ್ಚಿದರು, ಜೇನುತುಪ್ಪ ಹಚ್ಚಿದರು, ಬಸಳೆ ಎಲೆ ಅಗಿದರು. ಯಾವುದಕ್ಕೂ ಬಗ್ಗದೆ ಡಾಕ್ಟರ ಹತ್ತಿರ ಹೋದಾಗ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಬೇಗ ಸಿಕ್ಕಿದೆ, ಕೊಯ್ಯುವುದು ಬೇಡ, ರೇಡಿಯೇಶನ್ನಿನ ಕರೆಂಟು ಕೊಟ್ಟರೆ ಹೋಗುತ್ತದೆ ಅಂದರು. ಹೋಯಿತು ಕೂಡ. ಹೋಗುವಾಗ ನಾಲಿಗೆಯ ರುಚಿಯನ್ನೂ ಎಳೆದುಕೊಂಡು ಹೋಯಿತು.

ಚಾಮರಾಜಪೇಟೆಯ ಆ ಮನೆಯಲ್ಲಿ ನಾವಿದ್ದದ್ದು ಮೂವರು: ಅತ್ತೆ, ನನ್ನ ಗಂಡ, ನಾನು. ನಾನು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಗಂಡನ ಆಫೀಸು ತುಮಕೂರಿನಲ್ಲಿ. ಬೆಳಕು ಹರಿಯುವಾಗ ರೈಲಿಗೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಅಡುಗೆಮನೆ ಅತ್ತೆಯದು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ನನ್ನ ಪಾಲಿಗೆ ಬಂದದ್ದು ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು. ಒಲೆಯ ಮುಂದೆ ಅವರೇ. ದೇವರ ನೈವೇದ್ಯ ಆಗುವವರೆಗೆ ಯಾವುದನ್ನೂ ಬಾಯಿಗೆ ಸೋಕಿಸುವಂತಿಲ್ಲ ಎನ್ನುವ ಮನೆ ಅದು. ಆದ್ದರಿಂದ ಅವರು ಅಡುಗೆ ಮಾಡುತ್ತಾ ಒಮ್ಮೆಯೂ ರುಚಿ ನೋಡಿದವರಲ್ಲ. ಎಂದಾದರೂ ನಾನು ಒಲೆ ನೋಡಿಕೊಂಡ ದಿನ ಬಾಗಿಲ ಹತ್ತಿರ ನಿಂತೇ, "ಸಾರಿಗೆ ಉಪ್ಪು ಬಿದ್ದಿಲ್ಲ ನೋಡೇ," ಅನ್ನುತ್ತಿದ್ದರು. ಕುದಿಯುವ ವಾಸನೆಯಲ್ಲೇ ಗೊತ್ತಾಗುತ್ತದಂತೆ. ನೋಡಿದರೆ ನಿಜಕ್ಕೂ ಬಿದ್ದಿರುತ್ತಿರಲಿಲ್ಲ.

ಅಂಥವರಿಗೆ ಈಗ ಎಲ್ಲವೂ ಒಂದೇ. ಹುಣ್ಣು ಮಾಗಿದ ಮೇಲೂ ಬಾಯಿ ಒಣಗಿರುತ್ತಿತ್ತು. ಖಾರ, ಹುಳಿ ಮುಟ್ಟಿಸುವಂತಿರಲಿಲ್ಲ. ಗಂಜಿ ಕೊಟ್ಟರೆ, "ಕಬ್ಬಿಣ ನೆಕ್ಕಿದ ಹಾಗಿದೆ ಕಣೇ," ಅಂದು ಲೋಟ ದೂರ ಸರಿಸುವರು. ಸಿಹಿ ಮೊಸರು ಕಲಸಿದ ಅನ್ನ ಸುಣ್ಣದ ಹಾಗೆ, ಹೆಸರುಬೇಳೆ ಪಾಯಸ ಮಣ್ಣಿನ ಹಾಗೆ. ಬೆಳಿಗ್ಗೆ ಒಂದು ಮಾಡಿ ಸ್ಕೂಲಿಗೆ ಓಡುತ್ತಿದ್ದೆ, ಸಂಜೆ ಬಂದು ಅದು ಹಾಗೇ ಇರುವುದನ್ನು ನೋಡಿ ಇನ್ನೊಂದು ಮಾಡುತ್ತಿದ್ದೆ. ಅದೂ ಹಾಗೇ ಉಳಿಯುತ್ತಿತ್ತು. ಬಸ್ಸಿನಲ್ಲಿ ಕೂತರೆ ಸಾಕು, ತೂಕಡಿಕೆ. ಎಷ್ಟೋ ಸಲ ನನ್ನ ಸ್ಟಾಪು ದಾಟಿ ಹೋಗಿ, ಮಾರ್ಕೆಟ್ಟಿನಲ್ಲಿ ಇಳಿದು, ಕೈಚೀಲ ಹೊತ್ತು ವಾಪಸು ನಡೆದದ್ದುಂಟು. ಗಂಡ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು:

"ಅಮ್ಮ ಏನಾದ್ರೂ ತಿಂದ್ಲಾ?"

ಅವರು ಪ್ರೀತಿಯಿಂದಲೇ ಕೇಳುತ್ತಿದ್ದದ್ದು. ಆದರೂ ಆ ಪ್ರಶ್ನೆ ಬರುವ ಹೊತ್ತಾಯಿತೆಂದರೆ ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರು ತೂಕ ನೋಡಿ ಮುಖ ಗಂಟಿಕ್ಕಿದರು. "ಮುಂದಿನ ಸಲಕ್ಕೂ ಹೀಗೇ ಇಳಿದ್ರೆ ಮೂಗಿನಿಂದ ಟ್ಯೂಬ್ ಹಾಕ್ಬೇಕಾಗತ್ತೆ," ಅಂದರು. ವಾಪಸು ಬರುವಾಗ ಆಟೋದಲ್ಲಿ ಅತ್ತೆ, ಮನೆ ಹತ್ತಿರ ಬಂದಾಗ, "ಮೂಗಿನಲ್ಲಿ ಊಟ," ಅಂದರು. "ಅದಕ್ಕಿಂತ ಹೋಗೋದೇ ವಾಸಿ." ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಆಟೋದವನಿಗೆ, "ಇಲ್ಲೇ ನಿಲ್ಸಿ," ಅಂದೆ.

ಆ ವಾರವೇ ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆಗಳ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದೆ. ಪಕ್ಕದ ಕುರ್ಚಿಯ ಭೂಗೋಳದ ಮೇಡಂ ತೋಳು ತಟ್ಟಿ ಎಬ್ಬಿಸಿದರು.

"ಡಬ್ಬಿ ತಂದಿಲ್ವೇನ್ರೀ?"

"ತಂದಿದೀನಿ. ತೆಗೆದು ತಿನ್ನೋಕೆ ಬೇಜಾರು."

ಅವರು ತಮ್ಮ ಡಬ್ಬಿಯ ಮುಚ್ಚಳಕ್ಕೆ ಅರ್ಧ ಬಗ್ಗಿಸಿ ನನ್ನ ಮುಂದೆ ತಳ್ಳಿದರು. ಕಿತ್ತಳೆ ಬಣ್ಣದ, ಹುಳಿಗಿಂತ ಗಟ್ಟಿಯಾದ ಏನೋ ಒಂದು. ಸಿಹಿಗುಂಬಳ, ಕ್ಯಾರೆಟ್ಟು, ಗೆಣಸು ಮೆತ್ತಗೆ ಬೆಂದು ಒಂದಕ್ಕೊಂದು ಒರಗಿಕೊಂಡಿದ್ದವು. ನಡುನಡುವೆ ಕಾಬೂಲ್ ಕಡಲೆ. ದಾಲ್ಚಿನ್ನಿಯ ಪರಿಮಳ. ಒಂದು ತುತ್ತು ಬಾಯಿಗಿಟ್ಟೆ. ಸಿಹಿಯಾದದ್ದೇನೋ ಹಲ್ಲಿಗೆ ಸಿಕ್ಕಿ ಕರಗಿತು. ಜರ್ದಾಳು, ಒಣಗಿಸಿದ ಆಪ್ರಿಕಾಟ್ ಹಣ್ಣಂತೆ. ಮೆಣಸಿನಕಾಯಿ ಇಲ್ಲ, ಹುಣಸೆಹಣ್ಣಿಲ್ಲ. ತಿನ್ನುತ್ತಿದ್ದ ಹಾಗೇ ನನ್ನ ತಲೆ ಅತ್ತೆಯ ಕಡೆ ಓಡಿತು.

"ಏನಿದು?"

"ಮೊರಾಕೊ ಅಡುಗೆ," ಅಂದರು. ಅವರ ಗಂಡ ಇಂಜಿನಿಯರು. ಮೊರಾಕೊದ ಗಣಿಯೊಂದರಲ್ಲಿ ಕೆಲಸಕ್ಕಿದ್ದಾಗ ಇವರೂ ಅಲ್ಲಿ ಕೆಲವು ವರ್ಷ ಸಂಸಾರ ಮಾಡಿದ್ದರಂತೆ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ನನಗೆ ಅದು ಗೊತ್ತಿರಲಿಲ್ಲ.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಅವರ ಜೊತೆ ವೈಯಾಲಿಕಾವಲ್‌ನ ಅವರ ಮನೆಗೆ ಹೋದೆ. ಗೋಪುರದಂಥ ಮುಚ್ಚಳವಿರುವ ಒಂದು ಮಣ್ಣಿನ ಪಾತ್ರೆ ತೋರಿಸಿದರು. ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಪಾತ್ರೆಗೂ ಅಡುಗೆಗೂ ಅಲ್ಲಿ ಒಂದೇ ಹೆಸರು, ತಾಜೀನ್. ಎಣ್ಣೆಗೆ ಜೀರಿಗೆ ಪುಡಿ, ಧನಿಯಾ ಪುಡಿ, ಚೂರು ಒಣಶುಂಠಿ, ದಾಲ್ಚಿನ್ನಿ ಹಾಕಿ, ದಪ್ಪ ಹೋಳುಗಳನ್ನು ಜೋಡಿಸಿ, ಕಾಲು ಲೋಟ ನೀರು ಬಿಟ್ಟು, ಉರಿ ತಗ್ಗಿಸಿದರು. ಅವರು ಹಾಕುವ ಈರುಳ್ಳಿ ಬೆಳ್ಳುಳ್ಳಿ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಅಂದೆ. "ಬಿಡಿ, ಕುಂಬಳಕಾಯೇ ಸಾಕು," ಅಂದರು. "ಒಂದೇ ಮಾತು. ಸೌಟು ಆಡಿಸ್ಬೇಡಿ. ಮುಚ್ಚಿಟ್ಟು ಮರೆತ್ಬಿಡಿ."

ಮರುದಿನ ಕಾಟನ್‌ಪೇಟೆಗೆ ನಡೆದುಹೋಗಿ ಒಣಹಣ್ಣಿನ ಸಗಟು ಅಂಗಡಿಯಲ್ಲಿ ಕಾಲು ಕೇಜಿ ಜರ್ದಾಳು ಕೇಳಿದೆ. ಮೂಟೆಗಟ್ಟಲೆ ಮಾರುವ ಅಂಗಡಿಯವರು ನಗುತ್ತಾ, "ಕಾಲು ಕೇಜಿಗೆ ಇಲ್ಲೀತನಕ ಬಂದ್ರಾ ಮೇಡಂ?" ಅಂದು ತೂಗಿಕೊಟ್ಟರು. ನಮ್ಮಲ್ಲಿ ಗೋಪುರದ ಪಾತ್ರೆ ಎಲ್ಲಿಂದ ಬರಬೇಕು? ಅತ್ತೆಯ ಕಲ್ಚಟ್ಟಿ ಇತ್ತು. ಬಳಪದ ಕಲ್ಲಿನ ಕಪ್ಪು ಪಾತ್ರೆ, ಅವರ ತಾಯಿಯ ಮನೆಯಿಂದ ಬಂದದ್ದು, ಹುಳಿ ಮಾಡಲು ಮಾತ್ರ ಇಳಿಸುತ್ತಿದ್ದದ್ದು. ಕೇಳಿದೆ. "ಏನಾದ್ರೂ ಮಾಡ್ಕೋ," ಅಂದರು, ಗೋಡೆಯ ಕಡೆ ತಿರುಗಿ ಮಲಗಿದ್ದಲ್ಲಿಂದಲೇ.

ಎಲ್ಲವನ್ನೂ ಹೇಳಿದ ಹಾಗೇ ಮಾಡಿದೆ. ಮುಚ್ಚಿಟ್ಟೆ. ಅಡುಗೆಮನೆಯ ಗೋಡೆಗೆ ಒರಗಿ ಕೂತು ಮರೆತೂ ಬಿಟ್ಟೆ, ಅಂದರೆ ನಿದ್ದೆ ಹೋದೆ. ಎಚ್ಚರವಾದದ್ದು ಹೊಗೆಗೆ. ತಳ ಹಿಡಿದಿತ್ತು. ಮೇಲಿನಷ್ಟನ್ನು ಬೇರೆ ಬಟ್ಟಲಿಗೆ ತೆಗೆದು, ಹೋಳು ಹಿಸುಕಿ, ಅತ್ತೆಯ ಮುಂದಿಟ್ಟೆ. ಒಂದು ಚಮಚ ಬಾಯಿಗೆ ಹಾಕಿಕೊಂಡು ನಾಲಿಗೆ ಹೊರಳಿಸಿದರು.

"ಪಾಯಸನೋ ಹುಳಿನೋ, ಮೊದಲು ಒಂದು ತೀರ್ಮಾನ ಮಾಡು," ಅಂದು ಚಮಚ ಕೆಳಗಿಟ್ಟರು.

ನಾನು ಬಟ್ಟಲನ್ನು ಅಡುಗೆಮನೆಗೆ ಒಯ್ದು, ಸಿಂಕಿನ ಮುಂದೆ ನಿಂತು, ಅದೇ ಚಮಚದಲ್ಲಿ ಅಷ್ಟನ್ನೂ ತಿಂದೆ. ಹಸಿವಿಗೆ ತಿಂದೆನೋ ಸಿಟ್ಟಿಗೆ ತಿಂದೆನೋ ಗೊತ್ತಿಲ್ಲ. ಆಮೇಲೆ ಕಲ್ಚಟ್ಟಿಯ ತಳ ಉಜ್ಜುತ್ತಾ ಕೂತೆ. ಕೈ ನೋಯುವವರೆಗೆ ಉಜ್ಜಿದೆ. ಇನ್ನು ನನ್ನಿಂದಾಗುವುದಿಲ್ಲ, ಟ್ಯೂಬ್ ಹಾಕಿದರೆ ಹಾಕಲಿ ಎಂದು ಮನಸ್ಸಿಗೆ ಬಂದುಬಿಟ್ಟಿತ್ತು.

ಎರಡು ಮೂರು ದಿನ ಕಳೆದಿರಬೇಕು. ಸ್ಕೂಲಿನಿಂದ ಬಂದು ಚೀಲ ಇಳಿಸುತ್ತಿದ್ದೆ. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು.

"ಆವತ್ತಿಂದು ಇನ್ನೊಂದ್ಸಲ ಮಾಡ್ತೀಯೇನೇ?"

"ಯಾವುದು?"

"ಅದೇ, ತಳ ಹಿಡಿಸಿದ್ಯಲ್ಲ. ಬಾಯಲ್ಲಿ ಏನೋ ಇತ್ತು. ಕಬ್ಬಿಣ ಅಲ್ಲ. ಏನು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಹುಡುಕ್ತಾನೇ ಇದೀನಿ."

ಅವರೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಚಿಕಿತ್ಸೆ ಶುರುವಾದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಸ್ಟೂಲು ಹಾಕಿಕೊಟ್ಟೆ. ಕೂತಲ್ಲಿಂದಲೇ ಆಳ್ವಿಕೆ ಶುರುವಾಯಿತು. ಜೀರಿಗೆಯನ್ನು ಪುಡಿ ಹಾಕಬೇಡ, ಹುರಿದು ಆಮೇಲೆ ಕುಟ್ಟು. ಕುಂಬಳದ ಸಿಪ್ಪೆ ತೆಗೀಬೇಡ, ಹೋಳು ನಿಲ್ಲಲ್ಲ. ಗೆಣಸು ಕೆಳಗೆ, ಕ್ಯಾರೆಟ್ಟು ಅದರ ಮೇಲೆ, ಕುಂಬಳ ಕೊನೆಗೆ. ಕಲ್ಚಟ್ಟಿ ಉರಿ ನಿಂತ ಮೇಲೂ ಬೇಯಿಸುತ್ತೆ, ಅದಕ್ಕೆ ಮುಂಚೆಯೇ ಆರಿಸು.

"ಯಾವ ದೇಶದ್ದು ಅಂದೆ?"

"ಮೊರಾಕೊ. ಆಫ್ರಿಕಾದ ಮೇಲ್ತುದಿ."

"ಅವರೂ ಮಾಂಸ ತಿನ್ನಲ್ವಾ?"

"ತಿಂತಾರೆ ಅತ್ತೆ. ಇದಕ್ಕೂ ಹಾಕ್ತಾರೆ. ನಾವು ಹಾಕಲ್ಲ, ಅಷ್ಟೆ."

ಕಲ್ಚಟ್ಟಿಯ ಕಡೆ ಕೈ ತೋರಿಸಿದರು. "ಸರಿ. ಅದಕ್ಕೇನು ಗೊತ್ತಾಗತ್ತೆ, ಬಿಡು," ಅಂದರು. ಆಮೇಲೆ, "ದೇವರಿಗೆ ಅನ್ನ ತುಪ್ಪ ಇಡು ಸಾಕು. ಇದನ್ನ ಇಡ್ಬೇಡ."

ಅದರ ಅರ್ಥ ನನಗೆ ಹೊಳೆಯುವ ಮೊದಲೇ ಅವರೇ ಹೇಳಿದರು. "ಅಂದ್ಮೇಲೆ ರುಚಿ ನೋಡಬಹುದು. ನೋಡು. ಉಪ್ಪು ಸರಿಯಾಗಿದ್ಯಾ ಹೇಳು. ನನ್ನ ಮೂಗೂ ಹೋಗಿದೆ."

ಆ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಅವರು ನೋಡುತ್ತಿದ್ದರು. ನನಗೆ ಯಾಕೋ ನಾಚಿಕೆಯಾಯಿತು. "ಚೂರು ಬೇಕು," ಅಂದೆ. "ಹಾಗಾದ್ರೆ ಹಾಕು," ಅಂದರು. ಅವರೆದುರಿಗೆ ಉಪ್ಪಿನ ಮರಿಗೆಗೆ ಅವರಪ್ಪಣೆಯಿಲ್ಲದೆ ನಾನು ಕೈ ಹಾಕಿದ್ದು ಅದೇ ಮೊದಲು. ಅಪ್ಪಣೆಯಿತ್ತು ಅನ್ನಿ, ಎಷ್ಟು ಅಂತ ಮಾತ್ರ ಅವರು ಹೇಳಲಿಲ್ಲ.

ಆ ಸಂಜೆ ಒಂದು ಸಣ್ಣ ಬಟ್ಟಲು ತಿಂದರು. ಜರ್ದಾಳನ್ನು ನೆನೆಸಿ ಮೆತ್ತಗೆ ಮಾಡಿದ್ದೆ. ಅದನ್ನು ನಾಲಿಗೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದರು. ದಾಲ್ಚಿನ್ನಿ ಗೊತ್ತಾಗುತ್ತದಾ ಅಂದರೆ, "ಎಲ್ಲೋ ದೂರದಲ್ಲಿ, ಪಕ್ಕದ ಬೀದಿಯಲ್ಲಿ ಯಾರೋ ಮಾಡ್ತಿರೋ ಹಾಗೆ," ಅಂದರು. ಗಂಡ ಬಂದು ಬಾಗಿಲಲ್ಲೇ ಕೇಳಿದಾಗ, "ತಿಂದ್ರು," ಅಂದೆ. ಇನ್ನೂ ಏನಾದರೂ ಹೇಳುತ್ತೇನೆಂದು ಅವರು ಕಾದರು. ನನಗೆ ಅಷ್ಟೇ ಸಾಕಾಗಿತ್ತು.

ಮುಂದಿನ ತಪಾಸಣೆಯಲ್ಲಿ ತೂಕ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಡಾಕ್ಟರು ಟ್ಯೂಬಿನ ಮಾತೆತ್ತಲಿಲ್ಲ. ಅದರ ಮುಂದಿನ ಸಲ ಸ್ವಲ್ಪ ಏರಿತು.

ಇದನ್ನು ಕೇಳಿದವರು ನಾನು ಗೆದ್ದೆ ಅಂದುಕೊಳ್ಳುತ್ತಾರೆ. ಗೆದ್ದ ಹಾಗೆ ನನಗೆ ಅನಿಸಲಿಲ್ಲ. ಅವರು ತಿನ್ನುತ್ತಿದ್ದದ್ದು ಅದೊಂದನ್ನೇ. ಆದ್ದರಿಂದ ದಿನಾ ಅದನ್ನೇ ಮಾಡಬೇಕು. ಸ್ಕೂಲಿಗೆ ಹೊರಡುವ ಮೊದಲು ಕುಂಬಳಕಾಯಿ ಹೆಚ್ಚಬೇಕು, ಹಿಂದಿನ ದಿನವೇ ಕಡಲೆ ನೆನೆಹಾಕಬೇಕು, ಗಾಂಧಿ ಬಜಾರಿನಲ್ಲಿ ಗೆಣಸು ಸಿಗದಿದ್ದರೆ ಮಲ್ಲೇಶ್ವರದ ಎಂಟನೇ ಕ್ರಾಸಿನವರೆಗೆ ಹೋಗಬೇಕು. ಮೂರು ಜನಕ್ಕೆ ಮೂರು ಬಗೆ ಮಾಡಲು ಆಗದೆ ನಾವೂ ಅದನ್ನೇ ತಿಂದೆವು. "ಇವತ್ತೂ ಅದೇನಾ?" ಎಂದು ಗಂಡ ಕೇಳಿದ ದಿನ, "ನಿಮಗೆ ಬೇಡದಿದ್ರೆ ಹೋಟೆಲಿಗೆ ಹೋಗಿ," ಅಂದೆ. ಅವರು ಹೋಗಲಿಲ್ಲ, ಉಪ್ಪಿನಕಾಯಿ ಬಡಿಸಿಕೊಂಡು ತಿಂದರು. ನನ್ನ ಸೀರೆಯ ಸೆರಗಿಗೆ, ಕೂದಲಿಗೆ, ತಿದ್ದಲು ತಂದ ಸ್ಕೂಲಿನ ಮಕ್ಕಳ ಹೋಂವರ್ಕ್ ಪುಸ್ತಕಗಳಿಗೂ ದಾಲ್ಚಿನ್ನಿಯ ವಾಸನೆ ಹತ್ತಿತ್ತು. ಒಂದು ಹಂತದಲ್ಲಿ ಆ ವಾಸನೆ ತಡೆಯಲಾರದೆ ಕಿಟಕಿ ತೆರೆದಿಟ್ಟೇ ಮಲಗುತ್ತಿದ್ದೆ. ಅತ್ತೆಗೆ ಮಾತ್ರ ಅದು ಪಕ್ಕದ ಬೀದಿಯಿಂದ ಬರುತ್ತಿತ್ತು.

ಆದರೂ ಅವರು ಸ್ಟೂಲಿನ ಮೇಲೆ ಬಂದು ಕೂರುವುದು ನಿಲ್ಲಿಸಲಿಲ್ಲ. ಕೂತು ಕೂತು ಮಾತಾಡುತ್ತಿದ್ದರು. ಅವರ ತಾಯಿ ಕಲ್ಚಟ್ಟಿಯನ್ನು ಪಳಗಿಸಿದ ಬಗೆ, ಹೊಸ ಸೊಸೆಯಾಗಿ ಬಂದಾಗ ತಮ್ಮತ್ತೆಯ ಕೈಯಲ್ಲಿ ಅನ್ನಿಸಿಕೊಂಡದ್ದು. ಒಂದು ದಿನ ಇದ್ದಕ್ಕಿದ್ದ ಹಾಗೆ, "ನಿಂಗೆ ಸುಸ್ತಾಗಿದೆ ಅಲ್ವೇನೇ?" ಅಂದರು. "ಇಲ್ಲ," ಅಂದೆ. "ಸುಳ್ಳು ಹೇಳ್ಬೇಡ," ಅಂದರು. ಹೋಳು ಬೆಂದಿದೆಯೋ ಇಲ್ಲವೋ ನೋಡಲು ಇಬ್ಬರೂ ಕಲ್ಚಟ್ಟಿಯ ಕಡೆ ತಿರುಗಿದೆವು.

ವರ್ಷ ತಿರುಗುವ ಹೊತ್ತಿಗೆ ಅವರ ಬಾಯಿಗೆ ಒಂದೊಂದೇ ರುಚಿ ಬರತೊಡಗಿತು. ಮೊದಲು ಸಿಹಿ, ಆಮೇಲೆ ಹುಳಿ. ಉಪ್ಪು ಸರಿಯಾಗಿ ಬರಲೇ ಇಲ್ಲ. ಮೆತ್ತಗಿನ ಹುಳಿಯನ್ನ, ತಿಳಿಸಾರು ತಿನ್ನಲು ಶುರುಮಾಡಿದರು. ಕುಂಬಳಕಾಯಿ ವಾರಕ್ಕೊಮ್ಮೆಗೆ ಇಳಿಯಿತು, ಆಮೇಲೆ ನಿಂತೇಹೋಯಿತು. ನಾನು ಸಂಕಟಪಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಮೈಕೈ ನೋವಿನ, ಕಣ್ಣು ತೆರೆಯಲಾಗದ ವೈರಲ್ ಜ್ವರ. ಸ್ಕೂಲಿಗೆ ರಜೆ ಹೇಳಿ ಮಲಗಿದ್ದೆ. ಗಂಡ ರೈಲಿಗೆ ಹೋಗಿದ್ದರು. ಮಧ್ಯಾಹ್ನ ಅತ್ತೆ ಬಂದು ಮಂಚದ ಅಂಚಿಗೆ ಕೂತರು, ಕೈಯಲ್ಲಿ ಬಟ್ಟಲು. ಅದೇ ಕಿತ್ತಳೆ ಬಣ್ಣ. ಮೇಲೆ ಇಂಗಿನ ಒಗ್ಗರಣೆ, ಕರಿಬೇವು, ಸ್ವಲ್ಪ ಕಾಯಿತುರಿ. ಮೊರಾಕೊದವರು ಗುರುತು ಹಿಡಿಯುತ್ತಿರಲಿಲ್ಲ.

"ಜರ್ದಾಳು ಇರ್ಲಿಲ್ಲ. ಖರ್ಜೂರ ಹಾಕಿದೀನಿ. ಏಳು."

ದಿಂಬಿಗೆ ಒರಗಿ ಒಂದು ಚಮಚ ತಿಂದೆ. ಬಿಸಿಯಿತ್ತು. ಅದು ಬಿಟ್ಟರೆ ಏನೂ ಗೊತ್ತಾಗಲಿಲ್ಲ, ನಾಲಿಗೆ ಹಲಗೆಯಂತಾಗಿತ್ತು.

"ಉಪ್ಪು ಸರಿಯಾಗಿದ್ಯಾ?" ಅಂದರು.

"ಸರಿಯಾಗಿದೆ."

"ಜ್ವರದ ಬಾಯಿಗೆ ಏನು ಗೊತ್ತಾಗತ್ತೆ ಮಣ್ಣು!" ಅಂದು ನಕ್ಕುಬಿಟ್ಟರು. ಕೆನ್ನೆ ಬಿಗಿದಿದ್ದರಿಂದ ಅವರ ನಗು ಈಗ ಒಂದು ಕಡೆಗೇ ಬರುತ್ತಿತ್ತು. "ನಂಗೂ ಗೊತ್ತಾಗಲ್ಲ. ಹೋಗ್ಲಿ, ಹೊಟ್ಟೆಗೆ ಗೊತ್ತಾಗತ್ತೆ, ತಿನ್ನು."

ತಿಂದೆ. ಬಟ್ಟಲು ತೆಗೆದುಕೊಂಡು ಹೋಗಲು ಎದ್ದರೆ ಭುಜ ಒತ್ತಿ ಮಲಗಿಸಿದರು. "ಪಾತ್ರೆ ಇರ್ಲಿ. ನಾನು ನೋಡ್ಕೋತೀನಿ," ಅಂದರು. ಹಿತ್ತಿಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳುತ್ತಿದ್ದ ಹಾಗೇ ನನಗೆ ನಿದ್ದೆ ಬಂತು.