ಪ್ರೊಸೆಸರ್ ಬದಲಿಸಿದ ಮೂರು ದಿನ

ನಾನು ಸೀರೆಗೆ ಅಂಚು ಬರೆಯುವವಳು. ದೊಡ್ಡಬಳ್ಳಾಪುರದಲ್ಲಿ ಇಷ್ಟು ಹೇಳಿದರೆ ಸಾಕು, ಬೇರೆ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ತಿಳಿಸುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ಆ ತೂತುಗಳು ಎಲ್ಲೆಲ್ಲಿ ಬೀಳಬೇಕೆಂಬುದನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದುಕೊಡುವುದು ನನ್ನ ಕೆಲಸ. ನನ್ನ ಗಂಡ ಮಗ್ಗ ರಿಪೇರಿ ಮಾಡುತ್ತಾರೆ. ನಾನು ಮನೆಯ ನಡುಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಬರೆಯುತ್ತೇನೆ.

ನನ್ನ ಕಂಪ್ಯೂಟರ್ ತುಂಬ ಹಳೆಯದು. ಹೊಸದು ತಗೋ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ನನ್ನ ಡಿಸೈನ್ ಸಾಫ್ಟ್‌ವೇರ್ ಹೊಸ ಕಂಪ್ಯೂಟರುಗಳಲ್ಲಿ ಏಳುವುದೇ ಇಲ್ಲ. ಹೆಬ್ಬೆರಳಿನಷ್ಟು ದಪ್ಪದ, ಪೆನ್‌ಡ್ರೈವಿನಂಥ ಒಂದು ಕೀಯನ್ನು ಕಂಪ್ಯೂಟರಿನ ಡಬ್ಬದ ಹಿಂದೆ ಚುಚ್ಚಬೇಕು, ಅದಿಲ್ಲದಿದ್ದರೆ ಹಳೆಯದರಲ್ಲೂ ಏಳುವುದಿಲ್ಲ. ಅದನ್ನು ಮಾರಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಾಗಾಗಿ ಅದರಲ್ಲೇ ಏಗುತ್ತಿದ್ದೆ. ದೊಡ್ಡ ಸೆರಗಿನ ಡಿಸೈನ್ ತೆರೆಯಲು ಹೇಳಿ, ನಾನು ಒಲೆಯ ಮೇಲೆ ಅನ್ನಕ್ಕಿಟ್ಟು ಸೊಪ್ಪು ಬಿಡಿಸಿಕೊಂಡು ಬರುವಷ್ಟು ಹೊತ್ತು ಪರದೆ ಬೆಳ್ಳಗೆ ಬಿಳಿಚಿಕೊಂಡು ನಿಂತಿರುತ್ತಿತ್ತು.

ನನ್ನ ಚಿಕ್ಕಮ್ಮನ ಮಗನೇ ದಾರಿ ತೋರಿಸಿದ್ದು. ನನಗೆ ಒಡಹುಟ್ಟಿದವರಿಲ್ಲ, ತಮ್ಮ ಎಂದರೆ ಅವನೇ. ಅವನು ಡಿಪ್ಲೊಮಾ ಓದುವಾಗ ದಿನಾ ಸಾಯಂಕಾಲ ನಮ್ಮ ಮನೆಗೆ ಬಂದು ಇದೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಮೌಸ್ ಹಿಡಿದು ಗೆರೆ ಎಳೆಯುವುದನ್ನು, ಬಳ್ಳಿ ತಿರುಗಿಸುವುದನ್ನು ನಾನೇ ಅವನಿಗೆ ಕಲಿಸಿದೆ. ಆಮೇಲೆ ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಹಿಡಿದ, ಮದುವೆಯಾದ. ಒಂದು ಭಾನುವಾರ ಬಂದವನು ನನ್ನ ಒದ್ದಾಟ ನೋಡಿ ನಕ್ಕ.

“ಅಕ್ಕಾ, ಒಳಗಿನ ಬೋರ್ಡು ಚೆನ್ನಾಗೈತೆ. ಪ್ರೊಸೆಸರ್ ಒಂದೇ ಮುದುಕ ಆಗಿರೋದು. ಇದೇ ಬೋರ್ಡಿಗೆ ಕೂರೋ ಜೋರಾಗಿರೋ ಪ್ರೊಸೆಸರ್ ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತೆ. ತಂದು ಹಾಕ್ಬಿಡ್ತೀನಿ, ನಿನ್ನ ಸಾಫ್ಟ್‌ವೇರು, ಕೀ ಎಲ್ಲಾ ಹಂಗೇ ಇರುತ್ತೆ.”

ಮುಂದಿನ ಭಾನುವಾರ ತಂದೇಬಿಟ್ಟ. ತರಕಾರಿ ಬೀಜದ ಪೊಟ್ಟಣದಷ್ಟೇ ಚಿಕ್ಕದು. ನೆಲದ ಮೇಲೆ ಹಳೆಯ ಪಂಚೆ ಹಾಸಿ ಡಬ್ಬ ಬಿಚ್ಚಿದ. ಒಳಗೆ ಫ್ಯಾನಿನ ರೆಕ್ಕೆಗಳ ಮೇಲೆ ರೇಷ್ಮೆಯ ಪುಡಿ ಕಂಬಳಿಯಂತೆ ಕೂತಿತ್ತು. ಬ್ರಷ್ಷಿನಲ್ಲಿ ಕೆರೆದು, ಫ್ಯಾನ್ ಎತ್ತಿ, ಒಣಗಿ ಸುಣ್ಣದಂತಾಗಿದ್ದ ಪೇಸ್ಟನ್ನು ಒರೆಸಿ, ಹಳೆಯ ಪ್ರೊಸೆಸರನ್ನು ನನ್ನ ಅಂಗೈಯಲ್ಲಿಟ್ಟ. ಇಷ್ಟು ವರ್ಷ ನಾನು ಬರೆದದ್ದೆಲ್ಲ ಈ ಬಿಸ್ಕತ್ತಿನಂಥದ್ದರ ಮೂಲಕ ಹಾದುಹೋಗಿತ್ತೇ ಎನ್ನಿಸಿತು. ಹೊಸದನ್ನು ಕೂರಿಸಿ, ಪೇಸ್ಟ್ ಹಚ್ಚಿ, ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು, ಪರದೆಯಲ್ಲಿ ಏನೂ ಬರಲಿಲ್ಲ.

“ಬೋರ್ಡಿಗೆ ಈ ಪ್ರೊಸೆಸರ್ ಗುರುತು ಹತ್ತುತಾ ಇಲ್ಲ. ಬೋರ್ಡಿನ ಒಳಗಿರೋ ಪ್ರೋಗ್ರಾಮನ್ನ ಅಪ್‌ಡೇಟ್ ಮಾಡ್ಬೇಕು. ಅದರ ಮಧ್ಯ ಕರೆಂಟ್ ಹೋದ್ರೆ ಬೋರ್ಡೇ ಸತ್ತೋಗುತ್ತೆ. ನಮ್ಮನೇಲಿ ಯುಪಿಎಸ್ ಐತೆ. ಡಬ್ಬಾನ ಅಲ್ಲಿಗೇ ಎತ್ಕೊಂಡು ಹೋಗ್ಲಾ?”

ನಮ್ಮ ಬೀದಿಯಲ್ಲಿ ಕರೆಂಟ್ ಹೇಗೆ ಹೋಗಿ ಬರುತ್ತದೆಂದು ನನಗೆ ಗೊತ್ತಿಲ್ಲವೇ. ಹೂಂ ಎಂದೆ. ಬೈಕಿನ ಹಿಂದೆ ಹಗ್ಗ ಕಟ್ಟುತ್ತಿದ್ದವನು ತಿರುಗಿ, “ಆ ಕೀನೂ ಕೊಟ್ಬಿಡಕ್ಕಾ, ಸಾಫ್ಟ್‌ವೇರ್ ಏಳುತ್ತಾ ನೋಡ್ಕೊಂಡೇ ತರ್ತೀನಿ” ಎಂದ. ಆ ಕೀ ನನ್ನ ಮಾಂಗಲ್ಯದಷ್ಟೇ ಜೋಪಾನದ್ದು. ಸೆರಗಿನ ತುದಿಯಲ್ಲಿ ಒರೆಸಿ ಕೊಟ್ಟೆ.

ಮೂರನೆಯ ದಿನ ವಾಪಸ್ ತಂದ. ಸೆರಗಿನ ಡಿಸೈನ್ ಒತ್ತಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ನಾನು ಮಗುವಿನಂತೆ ಮುಚ್ಚಿ ಮುಚ್ಚಿ ತೆರೆದೆ. ಆ ದಿನ ಅವನಿಗೆ ಹಿತಕಿದ ಬೇಳೆ ಸಾರು ಮಾಡಿ, ಮುದ್ದೆ ಬಡಿಸಿ, ಅವನ ಹೆಂಡತಿಗೂ ಡಬ್ಬಿ ತುಂಬಿಸಿ ಕಳಿಸಿದೆ. ಮಾರನೆಯ ದಿನ ಕೆಲಸಕ್ಕೆ ಕೂತಾಗ, ಕೊನೆಗೆ ತೆರೆದ ಡಿಸೈನುಗಳ ಪಟ್ಟಿಯಲ್ಲಿ ನಾನು ಹಲವು ತಿಂಗಳಿಂದ ಮುಟ್ಟದ ಹೆಸರುಗಳಿದ್ದವು. ಅವನು ತೆರೆದು ಪರೀಕ್ಷೆ ಮಾಡಿರಬೇಕು ಎಂದುಕೊಂಡು ಕೆಲಸಕ್ಕೆ ತೊಡಗಿದೆ.

ಆ ಹೆಸರುಗಳಲ್ಲಿ ಒಂದು ಅವರೆ ಹೂವಿನ ಅಂಚು. ಅದನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಮಗಳ ಮದುವೆ ಗೊತ್ತಾಗುವ ಮೊದಲೇ ಅವಳ ಧಾರೆ ಸೀರೆಗೆಂದು ಬರೆಯತೊಡಗಿದ್ದೆ. ಹೊಲದ ಬದುವಿನಲ್ಲಿ ಕೂತು ಅವರೆಯ ನೇರಳೆ ಹೂವನ್ನು ನೋಡಿ ನೋಡಿ ಬರೆದದ್ದು. ಮೂರನೆಯ ಹೂವಿನ ಬಳಿ ಬಳ್ಳಿಯ ಕುಡಿ ಮೇಲಕ್ಕೆ ಸುತ್ತಬೇಕೋ ಕಾಯಿಯಾಗಿ ಇಳಿಯಬೇಕೋ ತೋಚದೆ, ಅಲ್ಲಿಗೆ ಮೊಟಕಾಗಿ ಬಿಟ್ಟಿದ್ದೆ.

ಯುಗಾದಿ ಕಳೆದ ಮೇಲೆ ಅವನು ದಾಬಸ್‌ಪೇಟೆ ಕೆಲಸ ಬಿಟ್ಟು, ನಮ್ಮೂರಿನದೇ ಒಂದು ದೊಡ್ಡ ಮಗ್ಗದ ಶೆಡ್ಡಿನಲ್ಲಿ ಡಿಸೈನರ್ ಆಗಿ ಸೇರಿಕೊಂಡ. ನನ್ನ ಶಿಷ್ಯ ಎಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ.

ವರಮಹಾಲಕ್ಷ್ಮಿ ಹಬ್ಬದ ದಿನ ಅವನ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದಳು. ತಟ್ಟೆ ಹಿಡಿದು ಬಗ್ಗಿದಾಗ ನನ್ನ ಕಣ್ಣು ಅವಳ ಸೀರೆಯ ಅಂಚಿಗೆ ಬಿತ್ತು. ಅವರೆ ಹೂವು. ಒಂದು, ಎರಡು, ಮೂರು. ಮೂರನೆಯದರ ಬಳಿ ಕುಡಿ ಮೊಟಕಾಗಿತ್ತು. ಗೇಣುಗೇಣಿಗೂ ಹಾಗೇ, ನಾನು ಬಿಟ್ಟಲ್ಲೇ ಬಿಟ್ಟಿತ್ತು.

“ಹೆಂಗೈತಕ್ಕಾ?” ಎಂದು ಅವಳು ಅಂಚು ಹರಡಿ ತೋರಿಸಿದಳು. “ಇವರೇ ಬರೆದಿದ್ದು. ಶೆಡ್ಡಿನಲ್ಲಿ ಮೊದಲನೇ ಸೀರೆ ನಂಗೇ ತಂದ್ಕೊಟ್ರು. ಓನರಿಗೆ ತುಂಬಾ ಇಷ್ಟ ಆಗೈತಂತೆ.”

ಅವಳ ಮುಖದಲ್ಲಿ ಕಪಟವಿರಲಿಲ್ಲ, ಹಿಗ್ಗು ಮಾತ್ರ ಇತ್ತು. “ಚೆನ್ನಾಗೈತೆ” ಎಂದೆ. ಕುಂಕುಮ ಇಡುವಾಗಲೂ ನನ್ನ ಕಣ್ಣು ಅಂಚಿನ ಮೇಲೇ ಇತ್ತು, ಕುಂಕುಮ ಅವಳ ಮೂಗಿನ ಮೇಲೆ ಉದುರಿತು. ಅವಳು ನಕ್ಕಳು.

ಅವಳು ಹೋದ ಮೇಲೆ ಕಂಪ್ಯೂಟರ್ ಹಾಕಿ ಆ ಪಟ್ಟಿಯನ್ನು ನೆನಪಿಸಿಕೊಂಡೆ. ಸಾಫ್ಟ್‌ವೇರ್ ಏಳುತ್ತದೋ ಇಲ್ಲವೋ ಎಂದು ಇಲ್ಲಿಗೆ ತಂದ ಮೇಲೂ ನೋಡಬಹುದಿತ್ತು, ಪ್ರೊಸೆಸರ್ ಬದಲಿಸಲು ಕೀ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಆಗ ಹುಟ್ಟಿತು. ಡಿಸೈನನ್ನು ಬೇರೆ ಮಗ್ಗಕ್ಕೆ ಹೊಂದುವಂತೆ ಹೊರಗೆ ತೆಗೆಯಬೇಕಾದರೆ ಆ ಕೀ ಬೇಕು.

ಮಾರನೆಯ ದಿನ ಕರೆಸಿದೆ. ಬಾಗಿಲಲ್ಲೇ ನನ್ನ ಮುಖ ನೋಡಿ ಅವನಿಗೆ ತಿಳಿದುಹೋಯಿತು.

“ಎಷ್ಟು ತಗೊಂಡೆ?”

“ಎಲ್ಲಾನೂ” ಎಂದ, ನೆಲ ನೋಡುತ್ತಾ. “ಗೋದಾಮಿನಲ್ಲಿ ನನ್ನ ತೆಗೀತಾರೆ ಅಂತ ಗೊತ್ತಾಗಿತ್ತಕ್ಕಾ. ಶೆಡ್ಡಿನವರು ನಂಗೆ ‘ನೀನು ಮಾಡಿರೋದು ಏನಾದ್ರೂ ತೋರ್ಸು’ ಅಂದ್ರು. ನನ್ ಹತ್ರ ಏನಿತ್ತು ತೋರ್ಸಕ್ಕೆ?”

“ಕೇಳಿದ್ರೆ ನಾನೇ ನಾಲ್ಕು ಬರೆದುಕೊಡ್ತಿರಲಿಲ್ವೇನೋ?”

“ನೀನು ಕೊಡ್ತಿದ್ದೆ. ಆದ್ರೆ ಅದು ನಿನ್ನದಾಗ್ತಿತ್ತು.”

ಇಷ್ಟು ಸೀದಾ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಕದ್ದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಮೂರು ದಿನ ಅವನ ಮನೆಯಲ್ಲಿ ಏನು ನಡೆದಿತ್ತೆಂದು ಗೊತ್ತಿಲ್ಲದೆ ನಾನು ಬೇಳೆ ಹಿತಕುತ್ತಾ ಕೂತಿದ್ದೆನಲ್ಲ.

“ಅವರೆ ಅಂಚು ಮಗಳಿಗೆ ಅಂತ ಇಟ್ಟಿದ್ದೆ ಕಣೋ. ಓನರಿಗೆ ಹೋಗಿ ನಿಜ ಹೇಳು. ನಿನ್ನ ಹೆಂಡತಿಗೂ ಹೇಳು.”

“ಹೇಳ್ತೀನಕ್ಕಾ” ಎಂದ. ಹೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಆ ಅಂಚಿನ ಸೀರೆ ಐದಾರು ಬಣ್ಣಗಳಲ್ಲಿ ಅಂಗಡಿಗಳ ಗಾಜಿನ ಹಿಂದೆ ನಿಂತಿತ್ತು.

ನಾನೇ ಶೆಡ್ಡಿಗೆ ಹೋಗುತ್ತೇನೆ ಎಂದು ಹೊರಟೆ. ಗಂಡ ತಡೆದರು. “ಮಗಳ ಮದ್ವೆ ಹತ್ರ ಬಂತು. ಸೋದರಮಾವ ಅಂತ ಇರೋನು ಅವನೊಬ್ಬ. ಈಗ ಅವನ ಕೆಲ್ಸ ಕಳೆದ್ರೆ ನಿಮ್ಮ ಚಿಕ್ಕಮ್ಮ ಜನ್ಮದಲ್ಲಿ ನಮ್ಮನೆ ಮೆಟ್ಟಲು ಹತ್ತಲ್ಲ.” ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವರ ಮೇಲೂ ನನಗೆ ಸಿಟ್ಟು ಬಂದಿತ್ತು.

ಧಾರೆ ಸೀರೆಗೆ ಬೇರೆ ಅಂಚು ಬರೆಯುತ್ತೇನೆ ಎಂದರೆ ಮಗಳು ಒಪ್ಪಲಿಲ್ಲ.

“ಅಮ್ಮಾ, ನಂಗೆ ಅದೇ ಬೇಕು. ಮಾಮ ಕದ್ದ ಅಂತ ನಾನ್ಯಾಕೆ ಬಿಟ್ಕೊಡ್ಲಿ?”

ಮತ್ತೆ ಆ ಡಿಸೈನ್ ತೆರೆದೆ. ಅವನು ಹಾಕಿದ ಪ್ರೊಸೆಸರ್ ಒಂದು ಕ್ಷಣವೂ ಕಾಯಿಸಲಿಲ್ಲ. ಹಿಂದಿನಂತೆ ನಿಧಾನವಾಗಿದ್ದಿದ್ದರೆ ಅಳುವುದಕ್ಕಾದರೂ ಸಮಯ ಸಿಗುತ್ತಿತ್ತು. ಕುಡಿಯನ್ನು ಕೆಳಕ್ಕಿಳಿಸಿ, ಅದರ ತುದಿಗೆ ಒಂದು ಎಳೆಯ ಕಾಯಿ ಬರೆದೆ. ಇಷ್ಟು ಕಾಲ ತೋಚದಿದ್ದದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಗಂಡ ಗೊತ್ತಿದ್ದವರ ಮಗ್ಗದಲ್ಲಿ ತಾವೇ ನಿಂತು ನೇಯಿಸಿ ತಂದರು.

ಮದುವೆಯ ದಿನ ಅವನು ಸೋದರಮಾವನಾಗಿ ಮಗಳ ಕೈ ಹಿಡಿದು ಹಸೆಮಣೆಗೆ ಕರೆತಂದ. ನಾನು ಬೇಡವೆನ್ನಲಿಲ್ಲ. ಮಂಟಪದ ಅಂಚಿನಲ್ಲಿ ಕೂತಿದ್ದ ನಮ್ಮಿಬ್ಬರ ದೊಡ್ಡಮ್ಮ ಮಗಳ ಸೀರೆಯ ಅಂಚನ್ನು ಎಳೆದು ಬೆರಳಲ್ಲಿ ಸವರಿದಳು.

“ಇದು ನಮ್ ಹುಡುಗ ಮಾಡಿದ ಅವರೆ ಅಂಚಲ್ವಾ? ಮಾವ ಆಗಿ ಚೆನ್ನಾಗಿರೋದನ್ನೇ ಕೊಟ್ಟವ್ನೆ ಬಿಡು.”

ಅವನು ಅಲ್ಲೇ ಒಂದು ಮಾರು ದೂರದಲ್ಲಿದ್ದ. ನಾನು ಅವನ ಮುಖ ನೋಡಿದೆ. ಈಗಲಾದರೂ ಒಂದು ಮಾತು ಬರುತ್ತದೆ ಎಂದು ಕಾದೆ. ಅವನು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ.

“ಅಲ್ಲ ದೊಡ್ಡಮ್ಮ, ಇದು ನಾನು ಬರೆದಿದ್ದು” ಎಂದೆ. ವಾಲಗದ ಸದ್ದಿಗೆ ನನ್ನ ದನಿ ಏರಿತು, ನಾಲ್ಕು ಜನ ತಿರುಗಿ ನೋಡಿದರು.

“ಆಯ್ತು ಬಿಡವ್ವ, ಯಾರು ಬರೆದ್ರೇನು, ಇಬ್ರೂ ನಮ್ಮೋರೇ” ಎಂದು ದೊಡ್ಡಮ್ಮ ನನ್ನ ಕೆನ್ನೆ ತಟ್ಟಿದಳು. ಅಷ್ಟರಲ್ಲಿ ಪುರೋಹಿತರು ಧಾರೆಗೆ ಕರೆದರು. ನಾನು ಹಾಲಿನ ಗಿಂಡಿ ಹಿಡಿದು ಗಂಡನ ಪಕ್ಕ ಹೋಗಿ ನಿಂತೆ.