ಸಾಲಿನ ಮೇಲಿಟ್ಟ ನಿಂಬೆಹಣ್ಣು

ಹೋದ ವಾರ ಸಿಂದಗಿಯ ಸಂತೆಯಲ್ಲಿ ಸೋಡಾ ಅಂಗಡಿಯವನು ನನ್ನ ಮುಂದೆಯೇ ಒಂದು ನಿಂಬೆಹಣ್ಣು ಕೊಯ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹದಿನೈದು ವರ್ಷದ ಹಿಂದಿನ ಒಬ್ಬ ತಾಯಿ ನೆನಪಾದಳು. ಸೋಡಾ ಕೈಯಲ್ಲೇ ಉಳಿಯಿತು...

ಆಗ ನಾನು ಇಂಡಿ ತಾಲ್ಲೂಕಿನಲ್ಲಿ, ಲಚ್ಯಾಣದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಮಾಸ್ತರ. ಅವಳು ಊರ ಹೊರಗಿನ ಶೆಡ್ಡಿನಲ್ಲಿ ನಿಂಬೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದೊಡ್ಡವು ಒಂದು ಬುಟ್ಟಿಗೆ, ಸಣ್ಣವು ಇನ್ನೊಂದಕ್ಕೆ, ಕಲೆ ಬಿದ್ದವು ಮತ್ತೊಂದಕ್ಕೆ. ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಅವಳ ಮಗಳು ನನ್ನ ಮೂರನೆಯ ತರಗತಿಯಲ್ಲಿದ್ದಳು. ನನ್ನ ಪ್ರಕಾರ ತರಗತಿಗೇ ಜಾಣೆ. ಪುಸ್ತಕ ಹಿಡಿದು ನಿಂತರೆ ಪಾಠ ಗಡಗಡ ಓದಿಬಿಡುತ್ತಿದ್ದಳು. ಸಾಹೇಬರು ತಪಾಸಣೆಗೆ ಬಂದಾಗ ನಾನು ಮೊದಲು ಎಬ್ಬಿಸುತ್ತಿದ್ದದ್ದೇ ಅವಳನ್ನು.

ಒಂದು ಮಧ್ಯಾಹ್ನ ತಾಯಿ ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಪಾಲಕರ ಸಭೆಗೆ ಕರೆದರೂ ಹೆಚ್ಚು ಮಂದಿ ಬಾರದ ಊರು ಅದು. ಕರೆಯದೆ ಬಂದವಳನ್ನು ಕಂಡು, ಬಿಸಿಯೂಟದ ದೂರಿರಬೇಕು ಎಂದುಕೊಂಡೆ.

“ಸರ್ರ, ಇಕಿಗಿ ಓದಾಕ ಬರಂಗಿಲ್ರಿ. ನಾಕನೇ ಇಯತ್ತಾಕ ಹಾಕಬ್ಯಾಡ್ರಿ,” ಅಂದಳು.

ನನಗೆ ನಗು ಬಂತು, ಒಳಗೊಳಗೇ ಸಿಟ್ಟೂ ಬಂತು. ಒಂದಕ್ಷರ ಬಾರದವಳು ನನಗೆ ಹೇಳುವುದೇ! ಮಗಳಿಗೆ ಓದು ಅಂದೆ. ಅವಳು ಎಂದಿನಂತೆ ಗಡಗಡ ಶುರು ಮಾಡಿದಳು. ತಾಯಿ ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ಪುಟದ ನಡುವೆ ಇಟ್ಟಳು. “ಇದರ ಬಾಜೂಕ ಏನೈತಿ, ಅದನ್ನಷ್ಟ ಓದು.”

ಹುಡುಗಿ ಮತ್ತೆ ಮೊದಲ ಸಾಲಿನಿಂದ ಹಿಡಿದಳು, ಹಣ್ಣಿನ ಹತ್ತಿರ ಬರುವಷ್ಟರಲ್ಲಿ ದಾರಿ ತಪ್ಪಿ ಅಳತೊಡಗಿದಳು. ಇಡೀ ಪುಸ್ತಕ ಅವಳಿಗೆ ಬಾಯಿಪಾಠ. ಓದಲು ಬರುತ್ತಿದ್ದದ್ದು ತನ್ನ ಹೆಸರೊಂದೇ. ನಾಚಿಕೆಯಿಂದ ತಲೆ ತಗ್ಗಿಸಿದೆ.

ಆದರೆ ನಾಚಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಇಷ್ಟು ದಿನ ನನಗೆ ಕಾಣದ್ದು ಇವಳಿಗೆ ಹೇಗೆ ಕಂಡಿತು? ಕೇಳಿಯೇಬಿಟ್ಟೆ.

“ದಿನಾ ಸಂಜೀಕ ರೊಟ್ಟಿ ಬಡಿಯು ಮುಂದ ಓದಸ್ತೇನ್ರಿ. ನಾವು ಹಣ್ಣ ಆರಸು ಮುಂದ ಕಣ್ಣು ಹಣ್ಣಿನ ಮ್ಯಾಲೇ ಇರ್ತಾವು. ಇಕಿ ಕಣ್ಣು ನನ್ನ ರೊಟ್ಟಿ ಮ್ಯಾಲ ಇರ್ತಿದ್ದುವ್ರಿ. ಬಾಯಿ ಅಷ್ಟ ಓಡತಿತ್ತು.”

ಯಾರನ್ನೂ ಅದೇ ತರಗತಿಯಲ್ಲಿ ಉಳಿಸುವ ಹಾಗಿಲ್ಲ ಎಂದೆ. “ಹಂಗಾರ ಅಷ್ಟರೊಳಗ ಕಲಸ್ರಿ. ನಾನೂ ಬರ್ತೇನಿ,” ಅಂದಳು. ಬಂದಳು ಕೂಡ. ದಿನವೂ ಊಟದ ಬಿಡುವಿನಲ್ಲಿ ಬಾಗಿಲ ಹತ್ತಿರ ಕೂತು ಪುಟದ ಮೇಲೆ ಎಲ್ಲೆಂದರಲ್ಲಿ ಹಣ್ಣಿಡುತ್ತಿದ್ದಳು. ನಾನು ಅಕ್ಷರ ಹೇಳಿಕೊಡುತ್ತಿದ್ದೆ, ಹುಡುಗಿ ತಡವರಿಸುತ್ತಿದ್ದಳು. ನೀವೂ ಕಲಿಯಿರಿ ಎಂದರೆ, “ನಾ ಕಲ್ತರ ಇಕಿ ನನಗ ಓದಿ ಹೇಳೂದು ಬಿಡ್ತಾಳ್ರಿ,” ಎಂದು ನಕ್ಕಳು. ಅದು ಜಾಣತನವೋ ನೆಪವೋ, ಇವತ್ತಿಗೂ ತಿಳಿದಿಲ್ಲ... ಬೇಸಿಗೆ ರಜೆಗೆ ಮೊದಲು ಹುಡುಗಿ ಯಾರೂ ಹೇಳಿಕೊಡದ ಒಂದು ಪುಟವನ್ನು ಬೆರಳಿಟ್ಟು, ನಿಧಾನವಾಗಿ, ತಾನೇ ಓದಿದಳು. ತಾಯಿಗಿಂತ ಹೆಚ್ಚು ಖುಷಿಪಟ್ಟವನು ನಾನೇ ಇರಬೇಕು.

ಆ ದಿನ ಹೊರಡುವಾಗ ಅವಳು ಕೇಳಿದಳು: “ನಿಮ್ಮ ಮಗಾನೂ ಇಕಿ ವಾರಗಿಯಂವ ಅಲ್ರಿ? ಚಲೋ ಓದ್ತಾನೇನ್ರಿ?” ತನ್ನ ಶಾಲೆಗೆ ರಜೆಯಿದ್ದಾಗ ಒಂದೆರಡು ಸಲ ನನ್ನ ಜೊತೆ ಬಂದಿದ್ದ ಮಗನನ್ನು ಅವಳು ನೋಡಿದ್ದಳು.

“ಹೂಂ, ಚಲೋ ಓದ್ತಾನ,” ಅಂದೆ.

ನಿಜ ಹೇಳಬೇಕೆಂದರೆ ನನಗೆ ಗೊತ್ತೇ ಇರಲಿಲ್ಲ. ಮಗನನ್ನು ಇಂಡಿಯ ಖಾಸಗಿ ಶಾಲೆಗೆ ಹಾಕಿ, ಬೂಟು ಕೊಡಿಸಿ, ಮಿಕ್ಕಿದ್ದನ್ನು ಹೆಂಡತಿಗೆ ಬಿಟ್ಟಿದ್ದೆ. ಮಕ್ಕಳ ಜೊತೆ ಕೂಡಿರಿ ಎಂದು ಪಾಲಕರ ಸಭೆಯಲ್ಲಿ, ಬಂದ ನಾಲ್ಕು ಮಂದಿಗೆ ತಾಸುಗಟ್ಟಲೆ ಭಾಷಣ ಬಿಗಿಯುತ್ತಿದ್ದವನೂ ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವತ್ತು ಸಂಜೆ ಮಗನ ಪುಸ್ತಕ ತೆರೆದು ಪುಟದ ನಡುವೆ ಬೆರಳಿಟ್ಟೆ. ಅವನು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದ. ಮರುದಿನದಿಂದ ನಾನೂ ಅವನ ಪಕ್ಕದಲ್ಲಿ ಕೂರತೊಡಗಿದೆ. ಅವನೂ ಕಲಿತ. ಆದರೆ ಆ ತಾಯಿಯ ಮುಂದೆ ಇದನ್ನು ಒಪ್ಪಿಕೊಳ್ಳಲು ಮಾಸ್ತರಿಕೆಯ ಸೊಕ್ಕು ಬಿಡಲಿಲ್ಲ. ಆಮೇಲೆ ವರ್ಗವಾಗಿ ಬೇರೆ ಊರಿಗೆ ಹೋದೆ.

ಸಂತೆಯಿಂದ ಮರಳಿದ ಮೇಲೆ ಹಳೆಯ ಸಹೋದ್ಯೋಗಿಯಿಂದ ನಂಬರು ಪಡೆದು ಆ ಮಗಳಿಗೆ ಫೋನ್ ಮಾಡಿದೆ. ಈಗ ಮುದ್ದೇಬಿಹಾಳದಲ್ಲಿ ನರ್ಸ್ ಆಗಿದ್ದಾಳೆ. ತಾಯಿಗೆ ಫೋನ್ ಕೊಡವ್ವಾ ಎಂದೆ.

“ಅವ್ವ ಹೋಗಿ ಎರಡು ವರ್ಷ ಆತ್ರಿ ಸರ್ರ...”

ಅವಳಿಗೆ ಹೇಳಬೇಕಿದ್ದದ್ದನ್ನು ಮಗಳಿಗೇ ಹೇಳಿದೆ: ಅವತ್ತು ನಾನು ಸುಳ್ಳು ಹೇಳಿದ್ದೆ, ನನ್ನ ಮಗನಿಗೂ ಓದಲು ಬರುತ್ತಿರಲಿಲ್ಲ.

“ಅವ್ವಗ ಗೊತ್ತಿತ್ರಿ ಸರ್ರ,” ಅಂದಳು. “ಅದಕ್ಕಽ ಕೇಳಿದ್ಳಂತ.”

ಹೇಗೆ ಗೊತ್ತಾಗಿತ್ತು ಎಂದು ಕೇಳೋಣವೆಂದರೆ, ಈಗ ಅವಳಿಲ್ಲ.